ಎಡಗಾಲಿಗೆ ಕೆಲಸವಿಲ್ಲ

ಜನವರಿ 9, ಬೆಳಿಗ್ಗೆ 7.10

ಟೈರ್ ಗಾಳಿ ಸರಿ. ನೀರು ಸರಿ. ಗಾಜು ಒರೆಸಿದ್ದಾಯಿತು. ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಆರು ಸಲ ಬ್ರೇಕ್. ಆರರಲ್ಲಿ ನಾಲ್ಕು ನಾನು ಹಾಕಿದ್ದಲ್ಲ — ಎಡಗಾಲು ತಾನಾಗಿಯೇ ಹಾಕಿದ್ದು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕಾಲು. ನಿಲ್ಲಿಸುವ ಹೊತ್ತಿಗೆ ಕ್ಲಚ್ ಒತ್ತಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಅದು ಇರಬೇಕಾದ ಕಡೆಗೆ ಬ್ರೇಕ್ ಪೆಡಲು ಅಗಲವಾಗಿ ಚಾಚಿಕೊಂಡಿದೆ. ಕ್ಲಚ್ ಎಂದುಕೊಂಡು ನೆಲ ಮುಟ್ಟುವ ಹಾಗೆ ತುಳಿದರೆ ಕಾರು ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ. ಮೂರನೆಯ ಸಲಕ್ಕೆ ತರಕಾರಿ ಅಂಗಡಿಯವಳು ಎದ್ದು ನಿಂತು ನೋಡಿದಳು.

ಕಾರು ಮಗಳದು. ಅವಳು ದನಗಳ ಡಾಕ್ಟರು. ಕೆಲಸಕ್ಕೆಂದು ದೊಡ್ಡ ಗಾಡಿ ತೆಗೆದುಕೊಂಡಳು, ಹಳೆಯದನ್ನು ತಂದು ನಮ್ಮ ಮನೆ ಮುಂದೆ ನಿಲ್ಲಿಸಿ ಕೀ ಕೈಗಿಟ್ಟಳು.

"ಅಪ್ಪ, ಇದರಲ್ಲಿ ಗೇರೇ ಇಲ್ಲ. ಎರಡು ರಾಟೆ, ನಡುವೆ ಒಂದು ಬೆಲ್ಟು. ವೇಗಕ್ಕೆ ತಕ್ಕ ಹಾಗೆ ಬೆಲ್ಟು ತಾನೇ ಸರಿದುಕೊಳ್ಳುತ್ತೆ. ನೀನು ಸುಮ್ಮನೆ ಕೂತಿದ್ರೆ ಸಾಕು."

ಸುಮ್ಮನೆ ಕೂತಿದ್ದರೆ ಸಾಕಂತೆ. ನನಗೆ!

ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ತಲೆನೋವಿನವರ ಹಾಗೆ ಹಣೆ ಒತ್ತಿಕೊಂಡಳು.

ಜನವರಿ 10, ಸಂಜೆ 6

ಐದೂವರೆಗೆ ಅಕ್ಕ-ತಂಗಿಯರ ವಿಡಿಯೊ ಫೋನು. ದಿನಾ ಇದೇ ಹೊತ್ತು. ಅಕ್ಕ ಎಂದರೆ ನನ್ನ ಹೆಂಡತಿಯ ಅಕ್ಕ. ಬೆಟ್ಟದ ಮೇಲಿನ ಊರು, ನೂರಾ ಮೂವತ್ತು ಕಿಲೋಮೀಟರು. ರೈಲು ಅಲ್ಲಿಗೆ ಹೋಗುವುದಿಲ್ಲ. ಮೊದಲೆಲ್ಲ ವರ್ಷಕ್ಕೊಮ್ಮೆ ಅಕ್ಕನೇ ಇಳಿದು ಬರುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು, ದೂರದ ಪ್ರಯಾಣ ಬೇಡ ಎಂದರು ಡಾಕ್ಟರು. ಒಬ್ಬರನ್ನೊಬ್ಬರು ಎದುರಿಗೆ ನೋಡಿ ಒಂದು ವರ್ಷ ನಾಲ್ಕು ತಿಂಗಳು.

ಇವಳು ಹೋಗಬಹುದಲ್ಲ ಎಂದರೆ — ಆಗದು. ಗಾಡಿ ಹತ್ತಿದರೆ ವಾಂತಿ. ಮದುವೆಯಾದ ಹೊಸದರಲ್ಲಿ ಒಮ್ಮೆ ನನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗಿದ್ದೆ. ಮೊದಲ ಸೀಟು, ಹೊಸ ಸೀರೆ. ಮೂರು ಕಡೆ ನಿಲ್ಲಿಸಬೇಕಾಯಿತು. ನಾಲ್ಕನೆಯ ಕಡೆ ಇಳಿದವಳು ಮತ್ತೆ ಹತ್ತಲಿಲ್ಲ. ಆಮೇಲೆ ಅವಳ ಓಡಾಟವೆಲ್ಲ ರೈಲು, ಇಲ್ಲವೇ ಕಾಲ್ನಡಿಗೆ. ಬಸ್ ಡ್ರೈವರ್ ಹೆಂಡತಿ ಬಸ್ ಹತ್ತುವುದಿಲ್ಲ ಎಂದು ಡಿಪೋದಲ್ಲೆಲ್ಲ ತಮಾಷೆ. ಮಾತ್ರೆ ಕೊಟ್ಟರೆ ಎರಡು ದಿನ ಮಲಗಿಬಿಡುತ್ತಾಳೆ.

ಇವತ್ತು ಫೋನಿನಲ್ಲಿ ಹೇಳುತ್ತಿದ್ದಳು — "ಅಕ್ಕ, ನಿನ್ನ ಮುಖ ಇದರಲ್ಲಿ ಅಡ್ಡಡ್ಡ ಕಾಣುತ್ತೆ ಕಣೇ. ನಿಜವಾಗ್ಲೂ ದಪ್ಪ ಆಗಿದ್ಯಾ?"

ಫೋನು ಇಟ್ಟ ಮೇಲೆ ನಾನು ಹೇಳಿಯೇಬಿಟ್ಟೆ.

"ನೋಡೇ, ಈ ಕಾರಲ್ಲಿ ಗೇರ್ ಇಲ್ಲ. ಗೇರ್ ಇಲ್ಲ ಅಂದ್ರೆ ಕುಲುಕಾಟ ಇಲ್ಲ. ಅಕ್ಕನ ಮನೆಗೆ ಹೋಗಿ ಬರೋಣ."

"ಮೊದಲು ತರಕಾರಿ ಅಂಗಡಿವರೆಗೆ ಕರ್ಕೊಂಡು ಹೋಗಿ."

ಜನವರಿ 11

ತರಕಾರಿ ಅಂಗಡಿ ನಾನೂರು ಮೀಟರು. ಮುನ್ನೂರಕ್ಕೆ "ನಿಲ್ಸಿ" ಎಂದಳು. ಇಳಿದು ಸೆರಗು ಬಾಯಿಗಿಟ್ಟುಕೊಂಡು ಅಂಗಡಿಗೆ ನಡೆದಳು. ತರಕಾರಿ ಕೊಂಡು ವಾಪಸೂ ನಡೆದೇ ಹೊರಟಳು.

ಬಿಟ್ಟು ಬರುವುದು ಹೇಗೆ? ಬ್ರೇಕಿನಿಂದ ಕಾಲು ತೆಗೆದರೆ ಈ ಕಾರು ತಾನೇ ಮೆಲ್ಲಗೆ ತೆವಳುತ್ತದೆ. ಹಾಗೇ ಅವಳ ಪಕ್ಕದಲ್ಲಿ ತೆವಳಿಸಿಕೊಂಡು ಬಂದೆ.

"ಹಿಂದೆ ಹಿಂದೆ ಬರಬೇಡಿ. ಜನ ನೋಡ್ತಾರೆ."

"ನಿನ್ನ ಚೀಲ ಆದ್ರೂ ಒಳಗೆ ಇಡು."

ಚೀಲ ಇಟ್ಟಳು. ಅರ್ಧ ಕಿಲೋ ಬದನೆಕಾಯಿ ಕಾರಿನಲ್ಲಿ ಬಂತು, ಹೆಂಡತಿ ನಡೆದು ಬಂದಳು.

ಜನವರಿ 14

ಮಗಳು ಬಂದಿದ್ದಳು. ಅವಳನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು ತೋರಿಸಿದೆ. ಇಳಿದ ಮೇಲೆ ಕುತ್ತಿಗೆ ಉಜ್ಜಿಕೊಂಡಳು.

"ಅಪ್ಪ, ನಾನು ಹೇಳಿದ್ರೆ ನೀನು ಕೇಳಲ್ಲ. ನಿನ್ನ ಕಂಡಕ್ಟ್ರಮ್ಮನ ಹತ್ರ ಕಲಿ."

ಕಂಡಕ್ಟ್ರಮ್ಮ ನನ್ನ ಬಸ್ಸಿನಲ್ಲಿ ಹನ್ನೊಂದು ವರ್ಷ ಇದ್ದವರು. ಬಾಯಿ ಜೋರು, ಕೆಲಸ ಅಚ್ಚುಕಟ್ಟು. ಅವರು 'ಹೋಲ್ಡಾನ್' ಎಂದರೆ ನಾನು ನಿಲ್ಲಿಸಬೇಕು, 'ರೈಟ್' ಎಂದರೆ ಹೊರಡಬೇಕು. ನಿವೃತ್ತಿಯಾದ ಮೇಲೆ, ಐವತ್ತೆಂಟು ದಾಟಿದ ಮೇಲೆ, ಡ್ರೈವಿಂಗ್ ಕಲಿತರು. ಅದೂ ಇಂಥ ಗೇರಿಲ್ಲದ ಕಾರು ಮಾತ್ರ. ಈಗ ಜನರನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಕೆಲಸ. ಕಣ್ಣಿನ ಆಪರೇಷನ್ ಆದವರು, ಮೂಳೆ ಮುರಿದವರು, ದಿನ ತುಂಬಿದ ಬಸುರಿಯರು — ಅರ್ಧ ಆಸ್ಪತ್ರೆ ಅವರ ಕಾರಿನಲ್ಲೇ ಓಡಾಡುತ್ತದೆ.

ಆದರೂ! ಕಂಡಕ್ಟರ್ ಡ್ರೈವರಿಗೆ ಕಲಿಸುವುದೇ? ಡಿಪೋದವರ ಕಿವಿಗೆ ಬಿದ್ದರೆ ನಾನು ತಲೆ ಎತ್ತಿ ತಿರುಗುವ ಹಾಗಿಲ್ಲ.

ಅದೇ ದಿನ, ಸಂಜೆ

ಮಗಳು ಆಗಲೇ ಕಂಡಕ್ಟ್ರಮ್ಮನಿಗೆ ಫೋನು ಮಾಡಿ ಹೇಳಿಬಿಟ್ಟಿದ್ದಾಳೆ.

ಜನವರಿ 16

ಬೆಳಿಗ್ಗೆ ಏಳಕ್ಕೆ ಕಂಡಕ್ಟ್ರಮ್ಮ ಹಾಜರ್. ಕೈಯಲ್ಲಿ ಟಿಕೆಟ್ಟಿನ ಅದೇ ಹಳೆ ಚರ್ಮದ ಚೀಲ. ಪಕ್ಕದ ಸೀಟಿನಲ್ಲಿ ಕೂತವರು ಮೊದಲು ಹೇಳಿದ್ದು — "ಡ್ರೈವರಣ್ಣ, ಎಡಗಾಲಿನ ಚಪ್ಪಲಿ ಬಿಚ್ಚಿ ಕೊಡಿ."

"ಯಾಕ್ರೀ?"

"ಕೊಡಿ ಅಂದೆ."

ಕೊಟ್ಟೆ. ಚೀಲಕ್ಕೆ ಹಾಕಿಕೊಂಡರು. "ಬರಿಗಾಲು ಅಂತ ನೆನಪಿದ್ರೆ ಅದು ಸುಮ್ಮನಿರುತ್ತೆ. ಹಿಂದಕ್ಕೆ ಮಡಚಿ ಇಡಿ. ಇನ್ನು ಮೇಲೆ ಆ ಕಾಲಿಗೆ ಪಿಂಚಣಿ."

ಮೈದಾನದ ಸುತ್ತ ಹತ್ತು ಸುತ್ತು. ಎಡಗಾಲು ಎರಡು ಸಲ ಮಾತ್ರ ಎದ್ದಿತು. ಆದರೆ ಬಲಗಾಲಿನದು ಬೇರೆ ರಗಳೆ. ಬಸ್ಸಿನ ಅಭ್ಯಾಸದಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತುತ್ತೇನೆ. ಎಂಜಿನ್ ಒಮ್ಮೆಲೇ ಕಿರುಚುತ್ತದೆ, ಕಾರು ಮಾತ್ರ ಮುಂದೆ ಹೋಗದು. ಹೋಗದಲ್ಲ ಎಂದು ಇನ್ನಷ್ಟು ಒತ್ತುತ್ತೇನೆ. ಆಗ ಒಟ್ಟಿಗೇ ಹಾರುತ್ತದೆ. ಹೆದರಿ ಕಾಲು ತೆಗೆಯುತ್ತೇನೆ. ಮುಗ್ಗರಿಸುತ್ತದೆ.

"ಹಾಗೆ ಒತ್ತಿ ಒತ್ತಿ ಅದಕ್ಕೆ ಯಾಕೆ ಬೈತೀರಿ? ಒಂದು ಸಲ ಹೇಳಿ, ಕಾಯಿರಿ. ಬೆಲ್ಟು ಸರಿದುಕೊಳ್ಳಬೇಕು. ಮೊದಲು ಸದ್ದು ಬರುತ್ತೆ, ವೇಗ ಹಿಂದಿನಿಂದ ಬರುತ್ತೆ. ಬಂದ ಮೇಲೆ ಕಾಲು ಒಂದು ಕೂದಲಷ್ಟು ಸಡಿಲ ಮಾಡಿ. ಆಗ ನೋಡಿ, ಸದ್ದು ಇಳಿಯುತ್ತೆ, ವೇಗ ಇಳಿಯಲ್ಲ."

ಹತ್ತರಲ್ಲಿ ಒಂದು ಸಲ ಹಾಗೇ ಆಯಿತು. ಸದ್ದು ಇಳಿಯಿತು, ಕಾರು ಓಡುತ್ತಲೇ ಇತ್ತು. ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ. ಖುಷಿಯಾಯಿತು, ಹೇಳಲಿಲ್ಲ.

ಚಪ್ಪಲಿ ವಾಪಸು ಕೇಳುವುದು ಮರೆತೆ. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು — ಹೀಗೇ ಮನೆಯೊಳಗೆ ಬಂದೆ. ಹೆಂಡತಿ ನಕ್ಕು ನಕ್ಕು ಬಾಗಿಲಿಗೆ ಒರಗಿಕೊಂಡಳು.

ಜನವರಿ 19, ಸಂಜೆ 5

ಇವತ್ತು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಕಂಡಕ್ಟ್ರಮ್ಮ ಹಿಂದಿನ ಸೀಟಿನಲ್ಲಿ ಕೂತರು. ಒಂದು ನೋಟ್‌ಬುಕ್ಕು, ಪೆನ್ನು. ನಾನು ಓಡಿಸುತ್ತಿರಬೇಕು, ಅವರು ಒಂದು, ಎರಡು, ಮೂರು ಎಂದು ಬರೆಯುತ್ತಾ ಹೋಗಬೇಕು. ಅಂಕಿ ಕೆಟ್ಟರೆ ನನ್ನದು ತಪ್ಪು. ಮುಗಿದ ಮೇಲೆ ನೋಡಿದರೆ ಏಳು ಹಾವಾಗಿದೆ, ಎಂಟು ಸಾಲಿನಿಂದ ಹೊರಗೆ ಬಿದ್ದಿದೆ.

"ರಸ್ತೆ ಸರಿಯಿಲ್ಲ" ಎಂದೆ.

"ರಸ್ತೆ ಸರಿ ಇದೆ ಡ್ರೈವರಣ್ಣ."

"ಮೂವತ್ತೊಂದು ವರ್ಷ ಓಡಿಸಿದ್ದೀನಿ ಕಂಡಕ್ಟ್ರಮ್ಮ. ಒಂದೂ ಅಪಘಾತ ಇಲ್ಲ. ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ."

"ಅದು ನಿಜ. ಅದಕ್ಕೇ ಜನ ಹತ್ತುತ್ತಾ ಇದ್ರು." ನೋಟ್‌ಬುಕ್ಕು ಮುಚ್ಚಿದರು. "ಆದ್ರೆ ಅವರು ನಿಮಗೆ ಇಟ್ಟಿದ್ದ ಹೆಸರು ಗೊತ್ತಾ?"

ಗೊತ್ತಿರಲಿಲ್ಲ.

"ಕಡಗೋಲು."

ಮಜ್ಜಿಗೆ ಕಡೆಯುವ ಕಡಗೋಲು! ಹತ್ತಿದವರನ್ನೆಲ್ಲ ಕಡೆದು ಬೆಣ್ಣೆ ತೆಗೆದು ಇಳಿಸುತ್ತಿದ್ದೆನಂತೆ. ನಿಲ್ದಾಣದಲ್ಲಿ ಕೇಳುತ್ತಿದ್ದರಂತೆ — "ಇವತ್ತು ಕಡಗೋಲಾ, ಬೇರೆಯವರಾ?" ಬಸುರಿಯರು ಮುಂದಿನ ಬಸ್ಸಿಗೆ ಕಾಯುತ್ತಿದ್ದರಂತೆ. ಕಂಡಕ್ಟ್ರಮ್ಮ ಟಿಕೆಟ್ ಕೊಡುವಾಗ ಸೀಟಿನ ಕಂಬಿಗೆ ಸೊಂಟ ಒತ್ತಿ ನಿಲ್ಲುತ್ತಿದ್ದರಂತೆ. ಹನ್ನೊಂದು ವರ್ಷ ಅಲ್ಲಿ ಕಪ್ಪು ಗುರುತು ಮಾಸಲೇ ಇಲ್ಲವಂತೆ.

ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದೆ.

ಫೆಬ್ರುವರಿ 2

ಕಾರು ತೆಗೆದಿಲ್ಲ. ಗಾಳಿ ನೋಡಿಲ್ಲ. ಗಾಜಿನ ಮೇಲೆ ಧೂಳು.

ಇವತ್ತು ಊಟದ ಹೊತ್ತಿನಲ್ಲಿ ಹೆಂಡತಿಯನ್ನು ಕೇಳಿದೆ. "ನನಗೆ ಕಡಗೋಲು ಅಂತಿದ್ರಂತೆ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಇಡೀ ಊರಿಗೆ ಗೊತ್ತಿತ್ತು."

"ಮತ್ತೆ ನನಗೇಕೆ ಹೇಳಲಿಲ್ಲ?"

ತಟ್ಟೆ ಪಕ್ಕಕ್ಕೆ ಸರಿಸಿದಳು. "ದಿನಾ ಬಂದು ಕೂತ್ಕೊಂಡು, ಇವತ್ತೂ ಎಲ್ಲರನ್ನೂ ಕ್ಷೇಮವಾಗಿ ಇಳಿಸಿದೆ ಅಂತ ಹೇಳಿ ಊಟ ಮಾಡ್ತಿದ್ರಿ. ಆ ಖುಷಿಯ ಮೇಲೆ ನಾನೇಕೆ ತಣ್ಣೀರು ಸುರೀಲಿ?"

"ಹಾಗಾದ್ರೆ ಆವತ್ತು… ಹೊಸದರಲ್ಲಿ… ನಿನ್ನ ವಾಂತಿ?"

"ನನ್ನ ಹೊಟ್ಟೆ ಮೊದಲಿಂದಲೂ ಹಾಗೇ. ಅರ್ಧ ನನ್ನ ಹೊಟ್ಟೆಯದು." ಎದ್ದು ಕೈ ತೊಳೆಯಲು ಹೋದಳು. ಒಳಗಿನಿಂದ ಹೇಳಿದಳು — "ಅರ್ಧ ನಿಮ್ಮ ಕಾಲಿನದು."

ಫೆಬ್ರುವರಿ 3

ಕಂಡಕ್ಟ್ರಮ್ಮ ಕರೆಯದೆಯೇ ಬಂದರು. ಕೀಲಿಯನ್ನು ಮೊಳೆಯಿಂದ ಅವರೇ ತೆಗೆದುಕೊಂಡರು.

"ಹಿಂದೆ ಕೂತ್ಕೊಳ್ಳಿ. ಇವತ್ತು ನಾನು ಡ್ರೈವರು."

ಮೊದಲ ಸುತ್ತು ಅವರ ಹಾಗೆ ಓಡಿಸಿದರು. ಜೋಕಾಲಿಯೂ ಇಷ್ಟು ಮೆತ್ತಗಿರುವುದಿಲ್ಲ. ಎರಡನೆಯ ಸುತ್ತಿಗೆ "ಈಗ ನೀವು" ಎಂದರು. ಒತ್ತಿದರು, ಬಿಟ್ಟರು, ಹಾರಿಸಿದರು, ತುಳಿದರು. ಒಂದು ತಿರುವಿನ ಒಳಗೆ ಹೋದ ಮೇಲೆ ಬ್ರೇಕು. ಮತ್ತೆ ಒತ್ತಿದರು. ಹೌದು, ನಾನೇ. ಹೆಜ್ಜೆ ಹೆಜ್ಜೆಗೂ ನಾನೇ. ಮೂರನೆಯ ತಿರುವಿಗೆ ಬಾಯಲ್ಲಿ ನೀರು ತುಂಬಿತು. ನಾಲ್ಕಕ್ಕೆ ಕಿವಿ ತಣ್ಣಗಾಯಿತು. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಂದ ಬಂತು — "ಹೋಲ್ಡಾನ್!"

ದೀಪದ ಕಂಬ ಹಿಡಿದುಕೊಂಡು ಬೆಳಗಿನ ತಿಂಡಿ ಎಲ್ಲ ಕಕ್ಕಿದೆ.

ಕಂಡಕ್ಟ್ರಮ್ಮ ನೀರಿನ ಬಾಟಲಿ ಕೊಟ್ಟು ಬೆನ್ನು ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ರೈಟಾ, ಡ್ರೈವರಣ್ಣ?"

ನಗು ತಡೆಯಲಾಗಲಿಲ್ಲ. ಕಂಬ ಹಿಡಿದುಕೊಂಡೇ ನಕ್ಕೆ. ಕಣ್ಣಲ್ಲಿ ನೀರು ಬಂತು. ಅದು ನಗುವಿನದೋ ವಾಂತಿಯದೋ ಅಥವಾ ಮುಂದಿನ ಬಸ್ಸಿಗೆ ಕಾಯುತ್ತಿದ್ದ ಆ ಬಸುರಿಯರದೋ ತಿಳಿಯದು. ಮೂವತ್ತೊಂದು ವರ್ಷ ಮುಂದಿನ ರಸ್ತೆ ನೋಡಿದವನು. ಹಿಂದೆ ಕೂತವರ ಹೊಟ್ಟೆ ಏನಾಗುತ್ತಿದೆ ಎಂದು ಒಂದು ದಿನವೂ ಕೇಳಲಿಲ್ಲ.

"ನಾಳೆ ಏಳಕ್ಕೆ ಬನ್ನಿ" ಎಂದೆ.

ಫೆಬ್ರುವರಿ 6

ಹೊರಡುವುದು ಪರವಾಗಿಲ್ಲ. ನಿಲ್ಲಿಸುವುದೇ ಕಷ್ಟ. ವೇಗ ಇಳಿದು ಹದಿನೈದರ ಹತ್ತಿರ ಬಂದಾಗ ಬೆಲ್ಟು ಒಳಗೆ ಸರಿಯುತ್ತದೆ, ಕಾರು ತಾನೇ ಸಣ್ಣಗೆ ಹಿಂದಕ್ಕೆ ಎಳೆಯುತ್ತದೆ. ಅದರ ಮೇಲೆ ನಾನೂ ಬ್ರೇಕು ಒತ್ತಿಕೊಂಡೇ ಇದ್ದರೆ ಕೂತವರ ಗಲ್ಲ ಎದೆಗೆ ಬಡಿಯುತ್ತದೆ. ಅಲ್ಲಿ ಸ್ವಲ್ಪ ಬಿಡಬೇಕು. ಮತ್ತೆ ಹಿಡಿಯಬೇಕು. ಕೊನೆಯ ಗೇಣಿನಲ್ಲಿ ಮತ್ತೆ ಬಿಡಬೇಕು.

ಮಲಗಿದ ಮಗುವಿನ ತಲೆ ದಿಂಬಿಗೆ ಇಡುವ ಹಾಗೆ ಎನ್ನುತ್ತಾರೆ ಕಂಡಕ್ಟ್ರಮ್ಮ. ಮಗಳು ಚಿಕ್ಕವಳಿದ್ದಾಗ ಅದೂ ನನಗೆ ಬರುತ್ತಿರಲಿಲ್ಲ. ನಾನು ಇಟ್ಟರೆ ಎಚ್ಚರವಾಗುತ್ತಿತ್ತು.

ಫೆಬ್ರುವರಿ 7

ಮಳೆ. ಮನೆಯಲ್ಲೇ. ಕುರ್ಚಿಯ ಮೇಲೆ ಕೂತು ನೆಲದ ಮೇಲೆ ಬಲಗಾಲು ಒತ್ತಿ ಬಿಟ್ಟು ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ನೋಡಿ, "ಹೊಲಿಗೆ ಮಿಷನ್ ತಂದುಕೊಡ್ಲಾ? ಎರಡು ಲಂಗ ಆದ್ರೂ ಆಗುತ್ತೆ" ಎಂದಳು.

ಫೆಬ್ರುವರಿ 12

ನೋಟ್‌ಬುಕ್ ಪರೀಕ್ಷೆ. ಒಂದರಿಂದ ಐವತ್ತು. ಮೂವತ್ತನಾಲ್ಕನೆಯದು ಮಾತ್ರ ಸೊಟ್ಟ. ಅದು ನಾಯಿ ಅಡ್ಡ ಬಂದಾಗ.

ಕಂಡಕ್ಟ್ರಮ್ಮ ಹಾಳೆ ಹರಿದು ಕೊಟ್ಟರು. "ಇಟ್ಕೊಳ್ಳಿ. ಇದೇ ನಿಮ್ಮ ಲೈಸೆನ್ಸು."

ಇವತ್ತು ಚಪ್ಪಲಿಯನ್ನೂ ವಾಪಸು ಕೊಟ್ಟರು.

ಫೆಬ್ರುವರಿ 17, ಬೆಳಿಗ್ಗೆ 9

ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಕಿಟಕಿ ತೆರೆದು, ಮಡಿಲಲ್ಲಿ ಪ್ಲಾಸ್ಟಿಕ್ ಕವರು ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ.

ತರಕಾರಿ ಅಂಗಡಿ ಬಂತು. ನಿಲ್ಲಿಸಿದೆ. ಅವಳು ಕಣ್ಣು ತೆರೆಯಲಿಲ್ಲ.

"ಯಾಕ್ರೀ, ನಿಲ್ಸಲ್ವಾ?"

"ನಿಂತಿದೆ."

"ಯಾವಾಗ?"

"ಆಗಲೇ."

ಕಣ್ಣು ತೆರೆದು ಹೊರಗೆ ನೋಡಿದಳು. ಅಂಗಡಿಯವಳು ಎದುರಿಗೇ ಕೊತ್ತಂಬರಿ ಸೊಪ್ಪು ಹಿಡಿದು ನಿಂತಿದ್ದಳು. ಹೆಂಡತಿ ನನ್ನ ಕಡೆ ತಿರುಗಿ ಒಂದು ಥರಾ ನೋಡಿದಳು. ಹೊಸ ಸೀರೆ ಉಟ್ಟು ಮೊದಲ ಸೀಟಿನಲ್ಲಿ ಕೂತಿದ್ದಾಗ ಹೊರಡುವ ಮೊದಲು ಹಾಗೇ ನೋಡಿದ್ದಳು.

ಆಮೇಲೆ ಇಳಿದು ಟೊಮೆಟೊ ಆರಿಸಿದಳು. ವಾಪಸು ಬರುವಾಗ ಕಣ್ಣು ತೆರೆದೇ ಕೂತಿದ್ದಳು.

ಫೆಬ್ರುವರಿ 24

ಒಬ್ಬನೇ ಬೆಟ್ಟದ ರಸ್ತೆಗೆ ಹೋಗಿದ್ದೆ. ಏರುವಾಗ ಸೊಗಸು. ಇಳಿಯುವಾಗ ಎದೆ ಹಾರಿತು. ಬಸ್ಸಾದರೆ ಎರಡನೆಯ ಗೇರಿಗೆ ಹಾಕಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಇದು ಬಿಟ್ಟರೆ ಸಾಕು ಎಂದು ಓಡುತ್ತದೆ. ಬ್ರೇಕ್ ಒತ್ತಿ ಒತ್ತಿ ಸುಟ್ಟ ವಾಸನೆ. ರಸ್ತೆ ಬದಿಗೆ ನಿಲ್ಲಿಸಿ ಮಗಳಿಗೆ ಫೋನು ಮಾಡಿದೆ. ಅವಳು ಯಾವುದೋ ಎಮ್ಮೆಯ ಹೆರಿಗೆಯಲ್ಲಿದ್ದಳು.

"ಅಪ್ಪ! ಡಿ ಕೆಳಗೆ ಎಲ್ ಅಂತ ಇದೆಯಲ್ಲ, ಅದಕ್ಕೆ ಹಾಕು. ಬೆಲ್ಟು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಬ್ರೇಕು ಆರೋವರೆಗೆ ಅಲ್ಲೇ ಕೂತಿರು."

ಹಿಂದೆ ಎಮ್ಮೆಯ ಕೂಗು. "ಅಜ್ಜಿ ಆಗ್ತಾ ಇದ್ದಾಳೆ ಇವಳು, ಇಡ್ತೀನಿ" ಎಂದು ಇಟ್ಟಳು. ಎಮ್ಮೆ ತಾಯಿಯಾಗುತ್ತಿತ್ತೋ ಅಜ್ಜಿಯೋ, ಅವಸರದಲ್ಲಿ ಏನು ಹೇಳಿದಳೋ.

ಅರ್ಧ ಗಂಟೆ ಕಲ್ಲಿನ ಮೇಲೆ ಕೂತಿದ್ದೆ. ಆಮೇಲೆ ಎಲ್‌ಗೆ ಹಾಕಿ ಇಳಿದೆ. ಹಿಡಿದುಕೊಂಡಿತು. ತಿರುವುಗಳು ಮಾತ್ರ ನನ್ನವೇ. ಇಲ್ಲಿ ಹಳೆಯ ಕಣ್ಣು ಉಪಯೋಗಕ್ಕೆ ಬಂತು. ತಿರುವಿಗೆ ಮೊದಲೇ ನಿಧಾನ ಮಾಡುವುದು, ಒಳಗೆ ಹೋದ ಮೇಲೆ ಕಾಲು ಅಲ್ಲಾಡಿಸದಿರುವುದು. ಕಂಡಕ್ಟ್ರಮ್ಮನಿಗೆ ಬೆಟ್ಟದ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲ. ಒಮ್ಮೆ ಕರೆದುಕೊಂಡು ಬಂದು ಕಲಿಸಬೇಕು!

ಮಾರ್ಚ್ 1

ನಾಳೆ ಹೊರಡುವುದು. ಹೆಂಡತಿ ಅಕ್ಕನಿಗೆ ಹೇಳಿಲ್ಲ. "ಅರ್ಧ ದಾರಿಯಲ್ಲಿ ವಾಪಸು ಬಂದ್ರೆ? ಸುಮ್ಮನೆ ಆಸೆ ಹುಟ್ಟಿಸಬಾರದು."

ಎರಡು ಕವರು, ನಾಲ್ಕು ನಿಂಬೆಹಣ್ಣು, ಒಂದು ಟವೆಲು. ಅಕ್ಕನಿಗೆ ಹೆಣೆದ ಸ್ವೆಟರು. ಅದು ಮುಗಿದೇ ವರ್ಷವಾಗಿತ್ತಂತೆ.

ಮಾರ್ಚ್ 2, ಮಧ್ಯಾಹ್ನ 2.15. ಬೆಟ್ಟದ ಮೇಲೆ

ತಲುಪಿದೆವು.

ಮೊದಲ ಎಂಬತ್ತು ಕಿಲೋಮೀಟರು ಸಮತಟ್ಟು. ಅವಳು ಮಾತಾಡುತ್ತಲೇ ಇದ್ದಳು. ಇಷ್ಟು ವರ್ಷ ರೈಲಿನ ಕಿಟಕಿಯಿಂದ ಎಲ್ಲದರ ಬೆನ್ನು ಮಾತ್ರ ನೋಡಿದ್ದಳಂತೆ, ಈಗ ಮುಖ ಕಾಣುತ್ತಿದೆಯಂತೆ. ಬೆಟ್ಟ ಶುರುವಾದ ಮೇಲೆ ಮಾತು ನಿಂತಿತು. ಒಂದು ಕಡೆ ನಿಲ್ಲಿಸಿದೆ. ಐವತ್ತು ಹೆಜ್ಜೆ ನಡೆದಳು, ನಿಂಬೆಹಣ್ಣು ಮೂಸಿದಳು, ಬಂದು ಕೂತಳು. ಹತ್ತದೆ ಹೋಗಿಬಿಡುತ್ತಾಳೇನೋ ಎಂದು ನಾನು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ.

ಹದಿನೆಂಟು ತಿರುವು. ಹದಿನೇಳು ಚೆನ್ನಾಗಿ ದಾಟಿದೆವು. ಕೊನೆಯದರಲ್ಲಿ ಒಂದು ಲಾರಿ ಹಾರ್ನೂ ಮಾಡದೆ ನಮ್ಮ ಕಡೆಗೇ ನುಗ್ಗಿತು. ತುಳಿದೆ. ಪೂರಾ ತುಳಿದೆ. ಬೇರೆ ದಾರಿ ಇರಲಿಲ್ಲ. ಲಾರಿ ಸವರಿಕೊಂಡು ಹೋಯಿತು.

ಅವಳು ಬಾಗಿಲು ತೆರೆದು, ಬಗ್ಗಿ, ಕವರಿಗೂ ಕಾಯದೆ —

ನಾನು ಟವೆಲು ಹಿಡಿದು ನಿಂತೆ. ನೂರಾ ಇಪ್ಪತ್ತೆಂಟು ಕಿಲೋಮೀಟರು ಮಾಡಿದ್ದೆಲ್ಲ ನೀರುಪಾಲು ಎನ್ನಿಸಿತು. "ತಪ್ಪಾಯ್ತು ಕಣೇ" ಎಂದೆ.

ಬಾಯಿ ಒರೆಸಿಕೊಂಡಳು. ನೀರು ಮುಕ್ಕಳಿಸಿದಳು. ಲಾರಿ ಹೋದ ದಿಕ್ಕಿಗೆ ಕೈ ತೋರಿಸಿ, "ಇದು ನಿಮ್ಮದಲ್ಲ. ಅವನದು" ಎಂದಳು. ಸೀಟಿನಲ್ಲಿ ಸರಿಯಾಗಿ ಕೂತು ಬೆಲ್ಟು ಹಾಕಿಕೊಂಡಳು. "ನಡೀರಿ, ಇನ್ನೆರಡೇ ಕಿಲೋಮೀಟರು ತಾನೆ?"

ಅಕ್ಕ ಕೋಲು ಊರಿಕೊಂಡು ಬಾಗಿಲು ತೆರೆದರು. ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ನೋಡಿದರು. ಕೋಲು ಕೈಯಿಂದ ಬಿತ್ತು. ಎತ್ತಿಕೊಡೋಣವೆಂದು ನಾನು ಬಗ್ಗಿದೆ. ಎದ್ದು ನಿಲ್ಲುವಷ್ಟರಲ್ಲಿ ಕೋಲು ಬೇಕಾಗಿರಲಿಲ್ಲ. ತಂಗಿ ಹಿಡಿದುಕೊಂಡಿದ್ದಳು.

"ದಪ್ಪ ಏನೂ ಆಗಿಲ್ಲ ನೀನು" ಎಂದು ಅಳುತ್ತಾ ಹೇಳುತ್ತಿದ್ದಳು. "ಫೋನೇ ಸರಿಯಿಲ್ಲ."

ನಾನು ಗಾಡಿ ಒರೆಸುವ ನೆಪ ಮಾಡಿಕೊಂಡು ಅತ್ತ ಸರಿದೆ.

ಮಾರ್ಚ್ 3, ಸಂಜೆ 4.20

ಬೆಳಿಗ್ಗೆಯಿಂದ ಇಬ್ಬರ ಬಾಯಿಗೂ ಬಿಡುವಿಲ್ಲ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ನನಗೆ ಎರಡು ಸಲ ಕಾಫಿ ಕೊಟ್ಟರು, ಊಟಕ್ಕೆ ಕರೆಯುವುದು ಮರೆತರು.

ಇಲ್ಲಿಂದ ಮೂರು ಕಿಲೋಮೀಟರಿಗೆ ಒಂದು ಕೆರೆ. ಬಿದ್ದ ಮೇಲೆ ಅಕ್ಕ ಅತ್ತ ಹೋಗಿಯೇ ಇಲ್ಲ. ಯಾರ ಗಾಡಿ ಹತ್ತಿದರೂ ಸೊಂಟ ಚಳುಕು ಹೊಡೆಯುತ್ತದಂತೆ. ಹೆಂಡತಿ ಕೇಳಲೂ ಇಲ್ಲ, ದಿಂಬು ತಂದು ಮುಂದಿನ ಸೀಟಿಗೆ ಇಟ್ಟಳು. "ಅಕ್ಕ ಇಲ್ಲಿ ಕೂರಲಿ, ನಾನು ಹಿಂದೆ ಕೂರ್ತೀನಿ." ಹಿಂದಿನ ಸೀಟಿಗೆ! ತಾನಾಗಿಯೇ!

ಇಬ್ಬರೂ ಆಗಲೇ ಹತ್ತಿ ಕೂತಿದ್ದಾರೆ. ನಾನು ಜಗುಲಿಯಲ್ಲಿ ಎರಡು ಸಾಲು ಗೀಚುತ್ತಿದ್ದೇನೆ.

"ರೀ, ಬರೆದಿದ್ದು ಸಾಕು, ಹೊತ್ತು ಮುಳುಗುತ್ತೆ!"

ಒಂದು ಮಾತು ಮಾತ್ರ ಬರೆದಿಡಬೇಕು, ಮರೆಯುವ ಮೊದಲು. ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಅಕ್ಕನಿಗೆ ನನ್ನ ವಿಷಯ ಹೇಳುತ್ತಿದ್ದಳು. ನಾನು ಬಾಗಿಲಾಚೆ ಇದ್ದದ್ದು ಗೊತ್ತಿರಲಿಲ್ಲ. "ನಮ್ಮನೆಯವರು ಓಡಿಸಿದ್ರೆ ನಿಂತಿದ್ದೇ ಗೊತ್ತಾಗಲ್ಲ ಕಣೇ" ಎಂದು ಶುರು ಮಾಡಿ —

ಹಾರ್ನು. ಒತ್ತಿದ್ದು ಅಕ್ಕ. ಮತ್ತೊಂದು ಸಲ. ಇಬ್ಬರೂ ಹುಡುಗಿಯರ ಹಾಗೆ ನಗುತ್ತಿದ್ದಾರೆ. ಬಂದೆ, ಬಂದೆ —